ಉಸಿರು ನಿಂತ ಶ್ವಾಸಕೋಶದಲ್ಲಿ ಏನು ಕಾಣುತ್ತದೆ

2021ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಸಿಂಧನೂರು ಕಡೆಯ ರೈತರೊಬ್ಬರು ತಮ್ಮ ತಂದೆಯ ಆಸ್ಪತ್ರೆ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದರು. ನಾನು ಬಹುಕಾಲ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ಯಾಥಾಲಜಿ ಕಲಿಸಿದವನೆಂದು ಅವರಿಗೆ ಯಾರೋ ಹೇಳಿದ್ದರು. ಮರಣ ಕಾರಣದ ಕಾಗದದಲ್ಲಿ ಮೊದಲ ಸಾಲಿನಲ್ಲಿ ಎ.ಆರ್.ಡಿ.ಎಸ್. (ಶ್ವಾಸಕೋಶ ದಿಢೀರನೆ ಕೆಟ್ಟು ಉಸಿರಾಟ ಸೋಲುವ ಸ್ಥಿತಿ) ಎಂದೂ, ಅದಕ್ಕೆ ಕಾರಣವಾಗಿ ಎರಡನೆಯ ಸಾಲಿನಲ್ಲಿ ವೈರಲ್ ನ್ಯುಮೋನಿಯಾ ಎಂದೂ, ಮೂರನೆಯದರಲ್ಲಿ ಕೋವಿಡ್-19 ಎಂದೂ ಬರೆದಿತ್ತು. “ಮೂರು ಹೆಸರು ಬರದಾರ್ರಿ ಸರ್. ನಮ್ಮಪ್ಪ ತೀರಿಹೋಗಿದ್ದು ಇದ್ರಾಗ ಯಾವುದರಿಂದ? ಆಕ್ಸಿಜನ್ ಹಚ್ಚಿದ್ರೂ ಯಾಕ ಏರಲಿಲ್ಲ?” ಎಂದು ಅವರು ಕೇಳಿದರು.

ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುವುದು ಬಹುಮಟ್ಟಿಗೆ ಶವಪರೀಕ್ಷೆಯ ಮೇಜಿನ ಮೇಲೆ. ನಮ್ಮಲ್ಲಿ ಪೋಸ್ಟ್‌ಮಾರ್ಟಂ ಎಂದರೆ ಪೊಲೀಸರು, ಪಂಚನಾಮೆ, ಅಪಘಾತ ಅಥವಾ ವಿಷ ಸೇವನೆ ಎಂಬ ಭಾವನೆಯೇ ಮೊದಲು ಬರುತ್ತದೆ. ಕಾಯಿಲೆಯಿಂದ ಸತ್ತವರ ದೇಹದಲ್ಲಿ ಆ ಕಾಯಿಲೆ ಏನು ಮಾಡಿತ್ತು ಎಂದು ತಿಳಿಯಲು, ಮನೆಯವರ ಒಪ್ಪಿಗೆ ಪಡೆದು ಮಾಡುವ ಶವಪರೀಕ್ಷೆ ಬೇರೆಯೇ ಬಗೆಯದು. ಈ ಲೇಖನದಲ್ಲಿ ಶವಪರೀಕ್ಷೆ ಎಂದಾಗಲೆಲ್ಲ ನಾನು ಹೇಳುತ್ತಿರುವುದು ಅದನ್ನೇ.

ಹಾಳಾದದ್ದನ್ನು ಗುರುತಿಸಬೇಕಾದರೆ ನೆಟ್ಟಗಿದ್ದದ್ದು ಹೇಗಿತ್ತೆಂದು ತಿಳಿದಿರಬೇಕು. ಮೂಗಿನಿಂದ ಒಳಗೆ ಹೋದ ಗಾಳಿ ಕವಲೊಡೆಯುತ್ತ ಸಾಗುವ ಕೊಳವೆಗಳ ಮೂಲಕ ಕೊನೆಗೆ ಸಣ್ಣ ಸಣ್ಣ ಗಾಳಿಚೀಲಗಳನ್ನು ಸೇರುತ್ತದೆ. ಇಂಥ ಚೀಲಗಳು ಎರಡೂ ಶ್ವಾಸಕೋಶಗಳಲ್ಲಿ ಸೇರಿ 30 ಕೋಟಿಗೂ ಹೆಚ್ಚಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅವು ಮುಚ್ಚುತ್ತವೆ. ಅಷ್ಟು ಅಗಲದ ಮೇಲೆ ಯಾವುದೇ ಕ್ಷಣದಲ್ಲಿ ಹರಡಿಕೊಂಡಿರುವ ರಕ್ತವಾದರೋ ವಿಶ್ರಾಂತಿಯಲ್ಲಿ 70 ಮಿಲಿಲೀಟರ್ ಆಸುಪಾಸು, ಹೋಟೆಲಿನ ಒಂದು ಕಪ್ ಚಹಾದಷ್ಟು ಮಾತ್ರ. ಗಾಳಿಗೂ ಈ ರಕ್ತಕ್ಕೂ ನಡುವೆ ಇರುವ ಪೊರೆ ಹೆಚ್ಚಿನ ಕಡೆ ಒಂದು ಮೈಕ್ರಾನಿಗಿಂತ ತೆಳುವಾಗಿರುತ್ತದೆ. ನಾವು ಬರೆಯುವ ಹಾಳೆಯ ದಪ್ಪ ಸುಮಾರು ನೂರು ಮೈಕ್ರಾನ್. ಇಷ್ಟು ತೆಳುವಾಗಿರುವುದರಿಂದಲೇ ಆಕ್ಸಿಜನ್ ಕ್ಷಣಾರ್ಧದಲ್ಲಿ ಆಚೆಗೆ ದಾಟುತ್ತದೆ. ಪೆಟ್ಟು ಬಿದ್ದಾಗ ಪೊರೆ ಬೇಗನೆ ಸೋರತೊಡಗುವುದೂ ಅದೇ ಕಾರಣಕ್ಕೆ.

ಪೊರೆಯ ಗಾಳಿ ಕಡೆಯ ಮುಖದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಒಂದನೆಯ ಬಗೆಯವು ಜೋಳದ ರೊಟ್ಟಿಯಂತೆ ತಟ್ಟಿ ಹರಡಿಕೊಂಡು ಚೀಲದ ಒಳಮೈಯ ಶೇ 95ರಷ್ಟನ್ನು ಮುಚ್ಚುತ್ತವೆ, ಆದರೆ ಸತ್ತರೆ ತಾವಾಗಿ ಮರುಹುಟ್ಟಲಾರವು. ಎರಡನೆಯ ಬಗೆಯವು ಗುಂಡಗಿನ, ದುಡಿಯುವ ಕೋಶಗಳು. ಗಾಳಿಚೀಲ ಮುದುಡಿ ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡನ್ನು ತಯಾರಿಸುವುದೂ, ಸತ್ತ ಒಂದನೆಯ ಬಗೆಯ ಕೋಶಗಳ ಜಾಗವನ್ನು ವಿಭಜನೆಗೊಂಡು ತುಂಬುವುದೂ ಇವುಗಳ ಕೆಲಸ. ಕೋವಿಡ್ ವೈರಸ್ ಹಿಡಿದುಕೊಳ್ಳುವ ಎ.ಸಿ.ಇ.-2 ಎಂಬ ಗ್ರಾಹಕ (ಕೋಶದ ಮೇಲ್ಮೈಯಲ್ಲಿನ ಕೊಂಡಿ) ಇರುವುದು ಮುಖ್ಯವಾಗಿ ಈ ಎರಡನೆಯ ಬಗೆಯ ಕೋಶಗಳಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಅರ್ಧ ಅರ್ಥವಾದಂತೆ.

ಮೇಜಿನ ಮೇಲೆ ವೈದ್ಯರಿಗೆ ಮೊದಲು ಸಿಗುವ ಸಾಕ್ಷ್ಯ ತೂಕ. ಆರೋಗ್ಯವಂತ ವಯಸ್ಕರ ಎರಡೂ ಶ್ವಾಸಕೋಶಗಳು ಸೇರಿ ಒಂದು ಕಿಲೋ ಆಸುಪಾಸು ತೂಗುತ್ತವೆ. ವೈರಲ್ ನ್ಯುಮೋನಿಯಾದಿಂದ ಸತ್ತವರಲ್ಲಿ ಅದು ಎರಡು ಕಿಲೋ ಮುಟ್ಟುವುದು, ಕೆಲವೊಮ್ಮೆ ದಾಟುವುದು ಅಪರೂಪವಲ್ಲ. ಸ್ಪಂಜಿನಂತೆ ಒತ್ತಿದರೆ ಕುಗ್ಗಿ ಬಿಟ್ಟರೆ ಏಳಬೇಕಾದ ಅಂಗ ಹಸಿ ಯಕೃತ್ತಿನಂತೆ ಗಟ್ಟಿಯಾಗಿ, ಕೆಂಪು-ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಚಾಕುವಿನಿಂದ ಕೊಯ್ದು ಒತ್ತಿದರೆ ಕೊಯ್ದ ಮೈಯಿಂದ ರಕ್ತಮಿಶ್ರಿತ ನೀರು ಇಳಿಯುತ್ತದೆ. ವಿದ್ಯಾರ್ಥಿಗಳಿಗೆ ನಾನು ತಪ್ಪದೆ ತೋರಿಸುತ್ತಿದ್ದ ಒಂದು ಸರಳ ಪರೀಕ್ಷೆಯಿದೆ: ಒಳ್ಳೆಯ ಶ್ವಾಸಕೋಶದ ತುಂಡನ್ನು ನೀರಿಗೆ ಹಾಕಿದರೆ ಬೆಂಡಿನಂತೆ ತೇಲುತ್ತದೆ, ಗಾಳಿ ಹೋಗಿ ಗಟ್ಟಿಯಾದ ತುಂಡು ತಳ ಸೇರುತ್ತದೆ. ಗಾಜಿನ ಜಾಡಿಯಲ್ಲಿ ಆ ತುಂಡು ಒಂದು ಸುತ್ತು ತಿರುಗಿ ಕೆಳಗಿಳಿಯುವುದನ್ನು ನೋಡಿದ ವಿದ್ಯಾರ್ಥಿಗೆ ನ್ಯುಮೋನಿಯಾ ಎಂದರೇನೆಂದು ಮತ್ತೆ ಹೇಳಬೇಕಾಗುತ್ತಿರಲಿಲ್ಲ.

ಕಣ್ಣಿಗೆ ಕಂಡದ್ದು ಇಷ್ಟಾದರೆ, ನಿಜವಾದ ಕತೆ ಸೂಕ್ಷ್ಮದರ್ಶಕದಲ್ಲಿದೆ. ಬೆರಳ ತುದಿಯಷ್ಟು ತುಂಡುಗಳನ್ನು ಬೇರೆ ಬೇರೆ ಭಾಗಗಳಿಂದ ತೆಗೆದು ಫಾರ್ಮಲಿನ್‌ನಲ್ಲಿ ನೆನೆಸಿ, ಪ್ಯಾರಾಫಿನ್ ಮೇಣದ ಅಚ್ಚಿನಲ್ಲಿ ಹುದುಗಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಹೆರೆದು, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕುತ್ತಾರೆ. ಕೋಶಕೇಂದ್ರಗಳು ನೀಲಿ, ಉಳಿದದ್ದು ಗುಲಾಬಿ. ಆರೋಗ್ಯದ ಸ್ಲೈಡು ಲೇಸಿನ ಕಸೂತಿಯಂತಿರುತ್ತದೆ: ದೊಡ್ಡ ಬಿಳಿ ಖಾಲಿ ಜಾಗಗಳು, ನಡುವೆ ಕೂದಲೆಳೆಯಂಥ ಗೋಡೆಗಳು. ವೈರಲ್ ನ್ಯುಮೋನಿಯಾದ ಸ್ಲೈಡಿನಲ್ಲಿ ಗೋಡೆಗಳು ಊದಿರುತ್ತವೆ, ಬಿಳಿ ಜಾಗ ಕಿರಿದಾಗಿರುತ್ತದೆ, ಮತ್ತು ಚೀಲದ ಒಳ ಅಂಚಿಗೆ ಅಂಟಿಕೊಂಡು ಕಡು ಗುಲಾಬಿಯ, ನಯವಾದ, ಗಾಜಿನಂಥ ಪಟ್ಟಿಯೊಂದು ಕಾಣುತ್ತದೆ. ಇದಕ್ಕೆ ಹಯಲಿನ್ ಪೊರೆ ಎಂದು ಹೆಸರು. ಈ ಪೊರೆಯೊಂದಿಗೆ ಗಾಳಿಚೀಲಗಳು ವ್ಯಾಪಕವಾಗಿ ಹಾಳಾಗಿರುವ ಇಡೀ ಚಿತ್ರವನ್ನು ಪ್ಯಾಥಾಲಜಿಸ್ಟರು ಡಿಫ್ಯೂಸ್ ಆಲ್ವಿಯೋಲಾರ್ ಡ್ಯಾಮೇಜ್ ಎನ್ನುತ್ತಾರೆ, ಬರೆಯುವಾಗ ಡಿ.ಎ.ಡಿ. ಎಂದಷ್ಟೇ. ಐ.ಸಿ.ಯು. ವೈದ್ಯರು ಎ.ಆರ್.ಡಿ.ಎಸ್. ಎಂದು ಬರೆದದ್ದರ ಒಳರೂಪ ಬಹಳಷ್ಟು ರೋಗಿಗಳಲ್ಲಿ ಇದೇ.

ಈ ಪೊರೆ ಹುಟ್ಟುವುದನ್ನು ಸಿಂಧನೂರಿನ ರೈತರಿಗೆ ವಿವರಿಸಲು ನನಗೆ ಕಷ್ಟವಾಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಹೊಲಗಳಿಗೆ ಸವಳು-ಜವಳು ಹಿಡಿದದ್ದನ್ನು ಕಂಡವರು ಅವರು. ಕಾಲುವೆ ಒಡೆದಿರುವುದಿಲ್ಲ, ನೀರು ಬಸಿದು ಮಣ್ಣಿನೊಳಗೆ ತುಂಬಿ, ಬೇರಿಗೆ ಉಸಿರು ಸಿಗದಂತೆ ಮಾಡುತ್ತದೆ, ನೀರು ಆರಿದ ಕಡೆ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಶ್ವಾಸಕೋಶದಲ್ಲೂ ರಕ್ತನಾಳ ಒಡೆಯಬೇಕಾಗಿಲ್ಲ. ವೈರಸ್ ಹಾಗೂ ಅದರ ವಿರುದ್ಧ ಎದ್ದ ದೇಹದ ಉರಿಯೂತ ಎರಡೂ ಸೇರಿ ಲೋಮನಾಳದ (ಗಾಳಿಚೀಲದ ಗೋಡೆಯಲ್ಲಿರುವ ಅತಿ ಸಣ್ಣ ರಕ್ತನಾಳದ) ಒಳಪದರವನ್ನೂ ಗಾಳಿಚೀಲದ ಕೋಶಗಳನ್ನೂ ಕೆಡಿಸಿದಾಗ, ರಕ್ತದ ನೀರು ಪ್ರೋಟೀನಿನ ಸಮೇತ ಮೊದಲು ಗೋಡೆಯೊಳಗೆ, ಆಮೇಲೆ ಚೀಲದೊಳಗೆ ಬಸಿಯುತ್ತದೆ. ಆ ಪ್ರೋಟೀನುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಇರುತ್ತದೆ. ಸತ್ತ ಕೋಶಗಳ ಚೂರುಗಳನ್ನು ಹಿಡಿದುಕೊಂಡು ಅದು ಒಳಮೈಗೆ ಮೆತ್ತಿಕೊಳ್ಳುತ್ತದೆ, ಪಾತ್ರೆಯ ಅಂಚಿಗೆ ಗಂಜಿ ಒಣಗಿ ಹಿಡಿದಂತೆ. “ಅಂದ್ರ ನಮ್ಮ ಹೊಲಕ್ಕ ಜವಳ ಹಿಡದಂಗ” ಎಂದರು ಅವರು. ಹೌದು. ಅವರ ಎರಡನೆಯ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಮಾಸ್ಕಿನಿಂದ ಎಷ್ಟೇ ಆಕ್ಸಿಜನ್ ಹರಿಸಿದರೂ ನೀರು ತುಂಬಿದ ಅಥವಾ ಮುದುಡಿ ಅಂಟಿಕೊಂಡ ಚೀಲದೊಳಗೆ ಅದು ಹೋಗುವುದಿಲ್ಲ. ಅಂಥ ಚೀಲದ ಪಕ್ಕದಲ್ಲಿ ಹರಿದ ರಕ್ತ ಆಕ್ಸಿಜನ್ ಪಡೆಯದೆ ಹಾಗೆಯೇ ಹೃದಯಕ್ಕೆ ಮರಳಿ, ಒಳ್ಳೆಯ ಚೀಲಗಳಿಂದ ಬಂದ ರಕ್ತದಲ್ಲಿ ಬೆರೆತು ಒಟ್ಟು ಪ್ರಮಾಣವನ್ನು ಇಳಿಸುತ್ತದೆ. ರೋಗಿಯನ್ನು ಬೋರಲು ಮಲಗಿಸುತ್ತಿದ್ದುದು ಬೆನ್ನಿನ ಕಡೆ ಮುದುಡಿದ ಚೀಲಗಳು ಸ್ವಲ್ಪವಾದರೂ ಬಿಚ್ಚಿಕೊಳ್ಳಲಿ ಎಂಬ ಲೆಕ್ಕದಲ್ಲಿ.

ಸ್ಲೈಡಿನಲ್ಲಿ ದಿನಗಳ ಲೆಕ್ಕವನ್ನೂ ಓದಬಹುದು. ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಮೊದಲ ವಾರದಲ್ಲಿ ಬಸಿದ ನೀರು ಮತ್ತು ಹಯಲಿನ್ ಪೊರೆಗಳದೇ ಪ್ರಾಬಲ್ಯ. ವಾರ ಕಳೆಯುತ್ತಿದ್ದಂತೆ ಎರಡನೆಯ ಬಗೆಯ ಕೋಶಗಳು ಸಾಲುಗಟ್ಟಿ ಬೆಳೆಯುತ್ತವೆ, ಗೋಡೆಯಲ್ಲಿ ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು ಬಂದು ಪೊರೆಯ ಅವಶೇಷವನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ಇದು ದೇಹದ ರಿಪೇರಿ ಕೆಲಸ. ಅದು ಹತೋಟಿಯಲ್ಲಿ ನಡೆದರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಹತೋಟಿ ತಪ್ಪಿ ಮುಂದುವರಿದರೆ, ಮೂರನೆಯ ವಾರದ ಹೊತ್ತಿಗೆ ನಾರಿನಂಶ ಗಟ್ಟಿಯಾಗಿ, ಗಾಳಿ ಆಡಬೇಕಾದ ಜಾಗದಲ್ಲಿ ಕಲೆಗಟ್ಟಿದ ಅಂಗಾಂಶ ಉಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ತಜ್ಞ ಡಾ. ದಿನೇಶ್ ರಾವ್ ಅವರು ಕೋವಿಡ್‌ನಿಂದ ತೀರಿಕೊಂಡ 62 ವರ್ಷದ ವ್ಯಕ್ತಿಯ ಶವಪರೀಕ್ಷೆ ಮಾಡಿ, ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತೆಂದು ಹೇಳಿದ್ದು ಕರ್ನಾಟಕದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೋಲಿಕೆ ಪತ್ರಿಕೆಗಳಿಗೆ ಹಿಡಿಸಿತು. ಆ ಗಟ್ಟಿತನದ ಹಿಂದೆ ಇಷ್ಟೆಲ್ಲ ನಡೆದಿರುತ್ತದೆ ಎಂಬುದು ಯಾರಿಗೂ ಹೆಚ್ಚು ತಲುಪಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಒಂದೇ ಶ್ವಾಸಕೋಶದಲ್ಲಿ ಬಲಗಡೆ ಹಳೆಯ ಹಂತ, ಎಡಗಡೆ ಹೊಸ ಹಂತ ಕಾಣುವುದುಂಟು, ಏಕೆಂದರೆ ರೋಗ ಎಲ್ಲ ಕಡೆ ಒಂದೇ ದಿನ ಇಳಿಯುವುದಿಲ್ಲ. ಒಂದೇ ತುಂಡು ನೋಡಿ ತೀರ್ಮಾನ ಹೇಳುವ ಪ್ಯಾಥಾಲಜಿಸ್ಟರನ್ನು ನಾನು ನಂಬುವುದಿಲ್ಲ.

ಡಿ.ಎ.ಡಿ. ಕಂಡ ಮಾತ್ರಕ್ಕೆ ಯಾವ ವೈರಸ್ ಎಂದು ಹೇಳಲಾಗದು. ಇನ್‌ಫ್ಲುಯೆಂಜಾ, 2003ರ ಸಾರ್ಸ್, ಕೋವಿಡ್, ಅಷ್ಟೇ ಏಕೆ, ರಕ್ತದಲ್ಲಿ ಹರಡಿದ ಬ್ಯಾಕ್ಟೀರಿಯಾ ಸೋಂಕು ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಕುಡಿದ ಪ್ರಕರಣ (ನಮ್ಮ ಜಿಲ್ಲೆಗಳ ವೈದ್ಯರಿಗೆ ಇದು ಚೆನ್ನಾಗಿ ಗೊತ್ತು) ಕೂಡ ಇದೇ ಮುಖವನ್ನು ತೋರಿಸುತ್ತವೆ. ವ್ಯತ್ಯಾಸವಿರುವುದು ಪೆಟ್ಟು ಮೊದಲು ಎಲ್ಲಿ ಬಿತ್ತು, ಅದರ ಜೊತೆಗೆ ಇನ್ನೇನು ಬಂತು ಎಂಬುದರಲ್ಲಿ.

ಇನ್‌ಫ್ಲುಯೆಂಜಾದ ಮೊದಲ ಪೆಟ್ಟು ಗಾಳಿಕೊಳವೆಗಳಿಗೆ. ಕೊಳವೆಗಳ ಒಳಮೈಯಲ್ಲಿ ಸಣ್ಣ ರೋಮಗಳಿರುವ ಕೋಶಗಳು ಲೋಳೆಯನ್ನೂ ಧೂಳನ್ನೂ ಕ್ರಿಮಿಗಳನ್ನೂ ಮೇಲಕ್ಕೆ ತಳ್ಳುತ್ತ ಇಡೀ ದಿನ ಗುಡಿಸುತ್ತಿರುತ್ತವೆ. ತೀವ್ರ ಇನ್‌ಫ್ಲುಯೆಂಜಾದಲ್ಲಿ ಈ ಕೋಶಗಳು ಸತ್ತು ಉದುರಿ, ತಳದ ಒಂದೇ ಪದರ ಉಳಿದಿರುವುದು ಸ್ಲೈಡಿನಲ್ಲಿ ಕಾಣುತ್ತದೆ. ಗುಡಿಸುವವರೇ ಇಲ್ಲದ ಆ ಕೊಳವೆಯ ಮೂಲಕ ಮೂಗು-ಗಂಟಲಲ್ಲಿ ತೆಪ್ಪಗಿದ್ದ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾಗಳು ಇಳಿಯುತ್ತವೆ. ಆಗ ಗಾಳಿಚೀಲಗಳಲ್ಲಿ ಹಯಲಿನ್ ಪೊರೆಯ ಬದಲು ಅಥವಾ ಜೊತೆಗೆ ಕೀವಿನ ಬಿಳಿ ರಕ್ತಕಣಗಳು ಕಿಕ್ಕಿರಿದು ತುಂಬಿರುತ್ತವೆ.

1918ರ ಮಹಾಜ್ವರದಲ್ಲಿ ಹೆಚ್ಚಿನವರನ್ನು ಕೊಂದದ್ದು ಇನ್‌ಫ್ಲುಯೆಂಜಾದ ಹಿಂದೆ ಬಂದ ಬ್ಯಾಕ್ಟೀರಿಯಾದ ಈ ಎರಡನೆಯ ದಾಳಿ. ಆ ಜ್ವರ 1918ರ ಜೂನ್‌ನಲ್ಲಿ ಬೊಂಬಾಯಿ ಬಂದರಿನಿಂದ ಒಳನಾಡಿಗೆ ಹಬ್ಬಿ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೂ ರಾಯಚೂರು ನಿಜಾಮರ ಆಳ್ವಿಕೆಯಲ್ಲೂ ಇದ್ದವು. ಸುಮಾರು 90 ವರ್ಷಗಳ ನಂತರ, 2008ರಲ್ಲಿ, ಅಮೆರಿಕದ ಸಂಶೋಧಕರು ಆ ಕಾಲದಲ್ಲಿ ಮೇಣದ ಅಚ್ಚುಗಳಲ್ಲಿ ಉಳಿಸಿಟ್ಟಿದ್ದ 58 ಮಂದಿಯ ಶ್ವಾಸಕೋಶದ ತುಂಡುಗಳನ್ನು ಮತ್ತೆ ಹೆರೆದು ನೋಡಿದರು. 8,000ಕ್ಕೂ ಹೆಚ್ಚು ಹಳೆಯ ಶವಪರೀಕ್ಷೆಗಳ ವರದಿಗಳನ್ನೂ ಜೊತೆಗಿಟ್ಟು ಓದಿದರು. ಬಹುಪಾಲು ಸಾವುಗಳಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ ಸ್ಪಷ್ಟವಾಗಿತ್ತು. ಆಂಟಿಬಯಾಟಿಕ್ ಇನ್ನೂ ಬಂದಿರದ ಕಾಲವದು. ಹಾಗೆ ಮೇಣದಲ್ಲಿ ಉಳಿದಿದ್ದ ತುಂಡುಗಳಿಂದ ಮತ್ತು ಅಲಾಸ್ಕಾದ ಹಿಮನೆಲದಲ್ಲಿ ಹೂತಿದ್ದ ಮಹಿಳೆಯೊಬ್ಬರ ಶ್ವಾಸಕೋಶದಿಂದ ಆ ವೈರಸ್‌ನ ಇಡೀ ಜೀನ್ ಸರಣಿಯನ್ನೇ 2005ರ ಹೊತ್ತಿಗೆ ಓದಿ ಮುಗಿಸಲಾಯಿತು.

ಕೋವಿಡ್‌ನಲ್ಲಿ ಶವಪರೀಕ್ಷೆಗಳು ತೋರಿಸಿದ ವಿಶೇಷ ರಕ್ತನಾಳದಲ್ಲಿತ್ತು. 2020ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೊದಲ 12 ಶವಗಳನ್ನು ಪರೀಕ್ಷಿಸಿದಾಗ 7 ಮಂದಿಯ ಕಾಲಿನ ಆಳದ ರಕ್ತನಾಳಗಳಲ್ಲಿ, ಬದುಕಿದ್ದಾಗ ಯಾರಿಗೂ ಅನುಮಾನವೇ ಬಂದಿರದ ಹೆಪ್ಪುಗಳು ಸಿಕ್ಕವು. 4 ಮಂದಿ ಸತ್ತದ್ದೇ ಹೆಪ್ಪು ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಂಡದ್ದರಿಂದ. ಅದೇ ವರ್ಷ ಮತ್ತೊಂದು ತಂಡ ಕೋವಿಡ್‌ನಿಂದ ಸತ್ತ 7 ಮಂದಿಯ ಶ್ವಾಸಕೋಶಗಳನ್ನು 2009ರಲ್ಲಿ ಎಚ್1ಎನ್1 ಜ್ವರದಿಂದ ಸತ್ತ 7 ಮಂದಿಯ ಶ್ವಾಸಕೋಶಗಳ ಪಕ್ಕದಲ್ಲಿಟ್ಟು ನೋಡಿತು. ಎರಡರಲ್ಲೂ ಡಿ.ಎ.ಡಿ. ಇತ್ತು, ಆದರೆ ಗಾಳಿಚೀಲಗಳ ಲೋಮನಾಳಗಳಲ್ಲಿ ಕಣ್ಣಿಗೆ ಕಾಣದ ಹೆಪ್ಪುಗಳು ಕೋವಿಡ್‌ನಲ್ಲಿ 9 ಪಟ್ಟು ಹೆಚ್ಚಿದ್ದವು. ಏಳೇ ಏಳು ಮಂದಿಯ ಮೇಲೆ ಇಷ್ಟು ಭಾರ ಹೊರಿಸಬಾರದೆಂಬ ಆಕ್ಷೇಪ ಸರಿಯಾದದ್ದೇ. ಆದರೆ ಆಮೇಲೆ ಬಂದ ಹೆಚ್ಚಿನ ವರದಿಗಳೂ ಅದೇ ದಿಕ್ಕಿಗೆ ಬೆರಳು ತೋರಿಸಿದವು. ಆಸ್ಪತ್ರೆಗೆ ಸೇರಿದವರ ಹೊಟ್ಟೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿ ಚುಚ್ಚುವುದನ್ನು ಮನೆಯವರು ಗಾಬರಿಯಿಂದ ನೋಡುತ್ತಿದ್ದರಲ್ಲ, ಅದು ಈ ಹೆಪ್ಪುಗಳ ಭಯಕ್ಕೆ.

ಇನ್ನೊಂದು ಸಂಗತಿಯನ್ನೂ ಶವಪರೀಕ್ಷೆಗಳು ಎದುರಿಗಿಟ್ಟವು. ಎರಡು-ಮೂರು ವಾರ ನರಳಿ ಸತ್ತ ಅನೇಕರ ಶ್ವಾಸಕೋಶದಲ್ಲಿ ವೈರಸ್ ಬಹಳ ಕಡಿಮೆಯಿತ್ತು, ಹಾನಿ ಮಾತ್ರ ಬೆಳೆಯುತ್ತಲೇ ಇತ್ತು. ಬೆಂಕಿ ಹಚ್ಚಿದವನು ಹೋದ ಮೇಲೂ ಬಣವೆ ಉರಿಯುವಂತೆ, ವೈರಸ್ ಎಬ್ಬಿಸಿದ ಉರಿಯೂತ ತನ್ನ ಪಾಡಿಗೆ ತಾನು ನಡೆದಿತ್ತು. ಬ್ರಿಟನ್ನಿನ ರಿಕವರಿ ಎಂಬ ಚಿಕಿತ್ಸಾ ಪ್ರಯೋಗ 2020ರ ಜೂನ್‌ನಲ್ಲಿ ಹೇಳಿದ್ದು ಇದಕ್ಕೆ ಹೊಂದುತ್ತದೆ: ಉರಿಯೂತ ತಗ್ಗಿಸುವ ಅಗ್ಗದ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರ ಸಾವನ್ನು ಐದನೇ ಒಂದರಷ್ಟು ಇಳಿಸಿತು, ಆಕ್ಸಿಜನ್ ಬೇಕಿಲ್ಲದವರಿಗೆ ಪ್ರಯೋಜನವಾಗಲಿಲ್ಲ. ಎರಡನೆಯ ಅಲೆಯಲ್ಲಿ ಜ್ವರ ಬಂದ ಎರಡನೇ ದಿನವೇ ಔಷಧಿ ಅಂಗಡಿಯಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗಿದವರು ನಮ್ಮ ಕಡೆ ಕಡಿಮೆಯಿರಲಿಲ್ಲ. ವೈರಸ್ ಇನ್ನೂ ಬೆಳೆಯುತ್ತಿರುವಾಗ ದೇಹದ ಕಾವಲನ್ನು ತಗ್ಗಿಸುವುದರಿಂದ ಲಾಭವಿಲ್ಲ, ಸಕ್ಕರೆ ಕಾಯಿಲೆಯವರಲ್ಲಿ ಅದು ರಕ್ತದ ಸಕ್ಕರೆಯನ್ನು ಏರಿಸಿ ಕಪ್ಪು ಶಿಲೀಂಧ್ರಕ್ಕೆ ಬಾಗಿಲು ತೆರೆದದ್ದನ್ನು 2021ರಲ್ಲಿ ಎಲ್ಲರೂ ಕಂಡರು.

ಕಂಡ ಹಾನಿಯನ್ನೆಲ್ಲ ವೈರಸ್‌ನ ಲೆಕ್ಕಕ್ಕೆ ಬರೆಯಲೂ ಆಗದು. ದಿನಗಟ್ಟಲೆ ಅಧಿಕ ಪ್ರಮಾಣದಲ್ಲಿ ಕೊಟ್ಟ ಆಕ್ಸಿಜನ್, ವೆಂಟಿಲೇಟರ್‌ನ ಒತ್ತಡ ಎರಡೂ ತಾವಾಗಿಯೇ ಡಿ.ಎ.ಡಿ.ಯಂಥ ಹಾನಿ ಮಾಡಬಲ್ಲವು. ಐ.ಸಿ.ಯು.ನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಗುರುತುಗಳೂ ಇರುತ್ತವೆ. ಇವುಗಳ ಕೆಳಗೆ ಆ ಮನುಷ್ಯನ ಹಿಂದಿನ ಬದುಕೂ ಬರೆದಿರುತ್ತದೆ: ಒಲೆಯ ಹೊಗೆಯ, ಬೀಡಿಯ ಕಪ್ಪು ಚುಕ್ಕೆಗಳು, ಹಳೆಯ ಕ್ಷಯದ ಸುಣ್ಣಗಟ್ಟಿದ ಕಲೆ, ಗಣಿಯ ಕಲ್ಲುಧೂಳು ಉಸಿರಾಡಿದವರಲ್ಲಿ ಸಿಲಿಕಾದ ಗಂಟುಗಳು. ಸಂಡೂರು, ಹಟ್ಟಿಯಂಥ ಕಡೆ ದುಡಿದವರ ಶ್ವಾಸಕೋಶವನ್ನು ಓದುವಾಗ ಹೊಸ ಗಾಯ ಯಾವುದು, ಹಳೆಯದು ಯಾವುದು ಎಂದು ಬಿಡಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ.

ಬೇರೆ ವೈರಸ್‌ಗಳ ಮಾತು ಚಿಕ್ಕದಾಗಿ. ದಡಾರದಲ್ಲಿ ಹಲವು ಕೋಶಗಳು ಬೆಸೆದು ಹತ್ತಾರು ಕೇಂದ್ರಗಳಿರುವ ದೈತ್ಯಕೋಶಗಳಾಗುತ್ತವೆ, ಆರ್.ಎಸ್.ವಿ. ಎಂಬ ವೈರಸ್ ಹಸುಗೂಸುಗಳ ಅತಿ ಸಣ್ಣ ಗಾಳಿಕೊಳವೆಗಳನ್ನು ಲೋಳೆ ಮತ್ತು ಸತ್ತ ಕೋಶಗಳಿಂದ ಕಟ್ಟಿಹಾಕುತ್ತದೆ. ಅಡಿನೊವೈರಸ್ ಹಿಡಿದ ಕೋಶದ ಕೇಂದ್ರ ಶಾಯಿ ಕದಡಿದಂತೆ ಮಸುಕಾಗುತ್ತದೆ. ಇಂಥ ಗುರುತು ಸಿಕ್ಕಿದಾಗ ಮಾತ್ರ ಸ್ಲೈಡಿನಿಂದಲೇ ವೈರಸ್‌ನ ಹೆಸರಿನ ಸುಳಿವು ಸಿಗುತ್ತದೆ. ಶ್ವಾಸಕೋಶದ ಆಚೆ, ಮೂತ್ರಪಿಂಡದೊಳಗಿನ ಮೂತ್ರದ ಸಣ್ಣ ಕೊಳವೆಗಳು ಕೆಡುವುದು, ಯಕೃತ್ತಿನ ಸಣ್ಣ ಸಣ್ಣ ಘಟಕಗಳ ನಡುಭಾಗದಲ್ಲಿ ರಕ್ತ ನಿಲ್ಲುವುದು, ಮಿದುಳಿಗೆ ಆಕ್ಸಿಜನ್ ಕೊರತೆಯಾಗುವುದು ಮುಂತಾದವು ಹೆಚ್ಚಾಗಿ ನೇರ ಸೋಂಕಿಗಿಂತ ಉಸಿರು ಮತ್ತು ರಕ್ತಸಂಚಾರ ಸೋತದ್ದರ ಪರಿಣಾಮಗಳು.

ನಮ್ಮಲ್ಲಿ ಇಂಥ ಶವಪರೀಕ್ಷೆಗಳು ಬೆರಳೆಣಿಕೆಯಷ್ಟೇ ನಡೆದವು. 2020ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಹೊರಡಿಸಿದ ಮಾರ್ಗಸೂಚಿ, ಸಿಬ್ಬಂದಿಗೆ ಸೋಂಕು ತಗಲಬಹುದೆಂಬ ಕಾರಣಕ್ಕೆ, ದೇಹವನ್ನು ಕೊಯ್ಯದೆ ಹೊರಗಿನಿಂದಲೇ ಪರೀಕ್ಷಿಸಬೇಕೆಂದಿತು. ಆ ಹೊತ್ತಿಗೆ ಅದು ತಪ್ಪೆಂದು ಹೇಳಲಾರೆ. ಶವವನ್ನು ಮುಟ್ಟುವುದಕ್ಕೇ ಊರು ಹೆದರುತ್ತಿದ್ದ ದಿನಗಳವು. ಆದರೆ ಭಯ ಇಳಿದ ಮೇಲೂ ನಾವು ಹೆಚ್ಚೇನೂ ಮಾಡಲಿಲ್ಲ. ದೇಹವನ್ನು ತೆರೆಯದೆ, ಪಕ್ಕೆಲುಬಿನ ನಡುವಿನಿಂದ ದಪ್ಪ ಸೂಜಿ ಹಾಯಿಸಿ ಎಳೆಯಂಥ ತುಂಡುಗಳನ್ನು ತೆಗೆಯುವ ವಿಧಾನವಿದೆ. ಸೋಂಕಿನ ಅಪಾಯ ಕಡಿಮೆ, ಹೊರಗೆ ಉಳಿಯುವುದು ಸೂಜಿಯ ಗುರುತು ಮಾತ್ರ. ಒಂದೆರಡು ಕಡೆಯಿಂದಷ್ಟೇ ತುಂಡು ಸಿಗುವುದರಿಂದ ದೊಡ್ಡ ನಾಳದ ಹೆಪ್ಪು ಕಣ್ತಪ್ಪಬಹುದು ಎಂಬ ಕೊರತೆ ಅದಕ್ಕಿದೆ. ಜಿಲ್ಲೆಯ ವೈದ್ಯಕೀಯ ಕಾಲೇಜುಗಳಿಗೆ ಇದು ನಿಲುಕದ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಆ ದಿನ ರೈತರ ಚೀಲದಲ್ಲಿದ್ದ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆವು. ಜ್ವರ ಶುರುವಾದದ್ದರಿಂದ ಕೊನೆಯವರೆಗೆ 17 ದಿನ, ಅದರಲ್ಲಿ ವೆಂಟಿಲೇಟರ್ ಮೇಲೆ 6 ದಿನ. ಮೂರು ಹೆಸರುಗಳು ಮೂರು ಬೇರೆ ಕಾಯಿಲೆಗಳಲ್ಲ, ಕೆಳಗಿನಿಂದ ಮೇಲಕ್ಕೆ ಓದಬೇಕಾದ ಒಂದೇ ಸರಪಳಿ ಎಂದು ಹೇಳಿದೆ: ವೈರಸ್ ಬಂತು, ಶ್ವಾಸಕೋಶ ಊದಿತು, ಗಾಳಿಚೀಲಗಳು ಜವಳು ಹಿಡಿದವು. ಹದಿನೇಳನೆಯ ದಿನಕ್ಕೆ ಪೊರೆಗಳ ಹಂತ ದಾಟಿ ನಾರು ಕಟ್ಟುವ ಹಂತ ನಡೆದಿರಬಹುದು. ಕೊನೆಯ ರಾತ್ರಿ ಆಕ್ಸಿಜನ್ ಒಮ್ಮೆಲೇ ಕುಸಿದದ್ದು ಹೆಪ್ಪಿನಿಂದಲೋ, ಹೊಸದಾಗಿ ಸೇರಿದ ಬ್ಯಾಕ್ಟೀರಿಯಾದಿಂದಲೋ ಎಂಬುದನ್ನು ಕಾಗದ ಹೇಳುವುದಿಲ್ಲ. ಅದಕ್ಕೆ ಒಂದು ತುಂಡು ಬೇಕಿತ್ತು ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದ್ದರ ನಾವು ಕೊಡತಿದ್ವಿ ಸರ್, ಯಾರೂ ಕೇಳಲಿಲ್ಲ” ಎಂದರು.